ಪಿನ್ನಿಗೆ ಕಟ್ಟಿದ ಅರಿಶಿನದ ದಾರ

ಬೂಕನಕೆರೆ
೧೮-೧೧-೧೯೯೬, ಸೋಮವಾರ

ಪ್ರೀತಿಯ ಶ್ವೇತಾ,

(ಈ ‘ಪ್ರೀತಿಯ’ ಅನ್ನುವ ಮಾತಿಗೆ ನೀನು ಮೂಗು ಮುರಿದರೂ ಸರಿಯೇ, ನಾನು ಹೊಡೆದುಹಾಕುವುದಿಲ್ಲ.)

ಹೇಗಿದ್ದೀಯವ್ವ? ಇಲ್ಲಿಂದ ಹೊರಡುವಾಗ ಕೆಮ್ಮುತ್ತಿದ್ದೆ. ಶುಂಠಿ ಕಷಾಯ ಅಂದರೆ ಮೂತಿ ತಿರುವುವವಳು ನೀನು, ನಿಮ್ಮಮ್ಮ ಪಾರ್ವತಮ್ಮನವರ ಕೈಯಿಂದಲಾದರೂ ಕುಡಿದೆಯೋ ಇಲ್ಲವೋ. ನಿಮ್ಮಪ್ಪನ ಮಂಡಿನೋವು ಈಗ ಹೇಗಿದೆ? ದೇವಲಾಪುರದ ಕಡೆ ರಾಗಿ ಕೊಯ್ಲು ಶುರುವಾಗಿರಬೇಕು, ಆ ಮಂಡಿ ಇಟ್ಟುಕೊಂಡು ಹೊಲದಲ್ಲಿ ಕುಕ್ಕರಗಾಲಲ್ಲಿ ಕೂರಬೇಡಿ ಅಂತ ಹೇಳು. ಇಲ್ಲಿ ನಿನ್ನ ಗಂಡ ಕುಮಾರನ ಪಾದದ ಕಟ್ಟು ಬಿಚ್ಚಿದ್ದಾರೆ. ಮೂಳೆ ಕೂಡಿದೆ, ಊತ ಮಾತ್ರ ಇನ್ನೂ ಇಳಿದಿಲ್ಲ. ಕೋಲು ಹಿಡಿದು ಕೊಟ್ಟಿಗೆಯ ತನಕ ಹೋಗಿ ಬರುತ್ತಾನೆ. ನಿಮ್ಮ ಮಾವ ಆರೋಗ್ಯವಾಗಿದ್ದಾರೆ, ಮಾತು ಮಾತ್ರ ಕಡಿಮೆಯಾಗಿದೆ. ನಿನ್ನ ಕೆಂದ ಹಸು ಹೆಣ್ಣು ಕರು ಹಾಕಿತು. ನಾನು ಕೆಚ್ಚಲಿಗೆ ಕೈ ಇಟ್ಟರೆ ಒದೆಯುತ್ತದೆ ಮುಂಡೇದು, ನಿನ್ನ ಕೈಯೇ ಬೇಕಂತೆ ಅದಕ್ಕೆ. ದೀಪಾವಳಿಯನ್ನೂ ಮಾಡಿದೆವು, ಮಾಡಬೇಕಲ್ಲ ಅಂತ. ಒಬ್ಬಟ್ಟನ್ನು ಯಾರೂ ಎರಡನೇ ಸಲ ಕೇಳಲಿಲ್ಲ.

ನಿಮ್ಮ ಮಾವ ಟ್ರೈಲರಿಗೆ ಏನೇನು ಮಾಡಿಸಿದ್ದಾರೆ ಗೊತ್ತೇ? ಅದನ್ನು ಟ್ರಾಕ್ಟರಿಗೆ ಕೂಡಿಸಲು ಪಾಂಡವಪುರದಿಂದ ದಪ್ಪನೆಯ ಹೊಸ ಪಿನ್ನು ತಂದಿದ್ದಾರೆ. ಅದರ ಬುಡಕ್ಕೆ ತಿರುಪು ಕೊರೆಸಿ ಒಂದರ ಮೇಲೊಂದು ಎರಡು ನಟ್ಟು ಬಿಗಿಸಿದ್ದಾರೆ, ಎಷ್ಟು ಕುಲುಕಿದರೂ ಸಡಿಲವಾಗದಂತೆ. ನಟ್ಟಿನ ಕೆಳಗೆ, ಪಿನ್ನು ಮೇಲಕ್ಕೆ ಎಗರದಂತೆ ತೂತಿಗೆ ಸಿಕ್ಕಿಸುವ ಕ್ಲಿಪ್ಪು. ಆ ಕ್ಲಿಪ್ಪನ್ನು ಗೇಣುದ್ದದ ಸರಪಳಿಯಿಂದ ಟ್ರೈಲರಿನ ಮುಂದೆ ಚಾಚಿದ ಮೂಕಿಗೇ ವೆಲ್ಡಿಂಗ್ ಮಾಡಿಸಿಬಿಟ್ಟರು, ಯಾರೂ ಎಲ್ಲಿಗೂ ಒಯ್ಯುವ ಹಾಗಿಲ್ಲ. ಕಳ್ಳರಿಗೆಂದು ಮೇಲೊಂದು ಬೀಗ. ಇದನ್ನೆಲ್ಲ ನೋಡುತ್ತ ನಿಂತಿದ್ದಾಗ ನಿನ್ನ ಮಾತು ನೆನಪಾಯಿತು. ಹೋದ ವರ್ಷ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲಿನಲ್ಲಿ ಪಕ್ಕದ ಮನೆ ಕುಳ್ಳಯ್ಯನ ಪಿನ್ನು ಕಳುವಾದಾಗ ನೀನು ಇದನ್ನೇ ಹೇಳಿದ್ದೆ. “ಮಾವ, ದಿನಾ ಬಿಚ್ಕಂಡು ಮನೆಗೆ ತರೋ ಬದ್ಲು ಅಲ್ಲೇ ಸರಪಳಿ ಆಕಿ ಬೀಗ ಜಡುದ್ರೆ ಆಗಕಿಲ್ವಾ?” ಅಂದಿದ್ದೆ. ಅವರು ಹೂಂ ಅನ್ನುವುದರೊಳಗೆ ನಾನು ಬಾಯಿ ಹಾಕಿ, “ಟ್ರಾಕ್ಟರು ಯವಾರ ನಿಂಗ್ಯಾಕಮ್ಮಿ, ಒಲೆ ಮ್ಯಾಲೆ ಸಾರು ಉಕ್ತಾ ಅದೆ ನೋಡೋಗು” ಅಂದೆ. ಸಾರು ಉಕ್ಕುತ್ತಿರಲಿಲ್ಲ.

ಹಾಗಾಗಿ ಪಿನ್ನು, ಕ್ಲಿಪ್ಪು ದಿನಾ ಸಂಜೆ ಮನೆಯೊಳಗೆ ಬರುವುದು, ಬೆಳಿಗ್ಗೆ ಹೋಗುವುದು ನಡೆಯಿತು. ಕುಮಾರ ಸೀಟಿನಲ್ಲಿ ಕೂತು ಟ್ರಾಕ್ಟರನ್ನು ಹಿಂದಕ್ಕೆ ತರುತ್ತಿದ್ದ, ನೀನು ಮೂಕಿಯನ್ನು ಕೂಡಿಸಿ ಮೇಲಿನಿಂದ ಪಿನ್ನು ಇಳಿಸಿ, ಬಗ್ಗಿ ಕೆಳಗಿನಿಂದ ಕ್ಲಿಪ್ಪು ಹಾಕುತ್ತಿದ್ದೆ. “ರೈಟ್” ಅಂತ ಕಂಡಕ್ಟರನ ಹಾಗೆ ಕೂಗುತ್ತಿದ್ದೆ. ಅವನು ತಿರುಗಿಯೂ ನೋಡುತ್ತಿರಲಿಲ್ಲ, ಅಷ್ಟು ನಂಬಿಕೆ ನಿನ್ನ ಕೈ ಮೇಲೆ.

ಈಗ ಬರೆಯಬೇಕಾದ್ದನ್ನು ಬರೆಯುತ್ತೇನೆ. ಆಯುಧಪೂಜೆಯ ದಿನ ಮಚ್ಚು, ಕುಡುಗೋಲು, ಗುದ್ದಲಿಯ ಜೊತೆ ಪಿನ್ನನ್ನೂ ದೇವರ ಮುಂದೆ ಇಟ್ಟೆವಲ್ಲ, ಎಲ್ಲಕ್ಕೂ ಅರಿಶಿನದ ದಾರ ಕಟ್ಟಿದವಳು ನಾನು. ಪಿನ್ನಿಗೆ ಕಟ್ಟಲು ಎಲ್ಲೂ ಹಿಡಿತ ಸಿಗಲಿಲ್ಲ, ಜಾರುತ್ತಿತ್ತು. ಕ್ಲಿಪ್ಪು ಕೂರುವ ತೂತಿನಲ್ಲೇ ದಾರ ಪೋಣಿಸಿ ಅರಿಶಿನದ ಕೊಂಬು ಸೇರಿಸಿ ಮೂರು ಗಂಟು ಬಿಗಿದೆ, ಕ್ಲಿಪ್ಪನ್ನು ಮಂಗಳಾರತಿ ತಟ್ಟೆಯಲ್ಲಿಟ್ಟೆ. ದಶಮಿ ಕಳೆದ ಬೆಳಿಗ್ಗೆ ನೀನು ಪಿನ್ನು ಹಿಡಿದು ಅಡಿಗೆಮನೆ ಬಾಗಿಲಿಗೆ ಬಂದೆ. “ಅತ್ತೆ, ತೂತಲ್ಲಿ ದಾರ ಅದೆ. ಬಿಚ್ಬುಟ್ಟು ಕ್ಲಿಪ್ ಆಕ್ಲಾ?” ಅಂದೆ. ನಾನು ರೇಗಿದೆ. “ಪೂಜೆ ಮಾಡಿ ಕಟ್ಟಿರೋದ ಬಿಚ್ತಾರೇನಮ್ಮಿ? ಮೂರು ಗಂಟು ಆಕಿವ್ನಿ, ಪಿನ್ನು ಎಲ್ಗೋದಾದು? ತಾನೇ ಉದುರೋಗಗಂಟ ಅಂಗೇ ಇರ್ಲಿ.” ನೀನು ಕ್ಲಿಪ್ಪಿಲ್ಲದೆ ಬರೀ ಪಿನ್ನು ಹಿಡಿದುಕೊಂಡು ಹೋದೆ. ಅವತ್ತು “ರೈಟ್” ಅನ್ನುವುದು ನನಗೆ ಕೇಳಿಸಲಿಲ್ಲ.

ನಾಲೆ ಏರಿ ಹತ್ತುವಾಗ ಪಿನ್ನು ಎಗರಿ ಬಂತು. ಕಬ್ಬು ತುಂಬಿದ ಟ್ರೈಲರು ಹಿಂದಕ್ಕೆ ಉರುಳುತ್ತಿತ್ತು, ಕೆಳಗೆ ಬಟ್ಟೆ ಒಗೆಯುವ ಹೆಂಗಸರಿದ್ದರು. ಚಕ್ರಕ್ಕೆ ಕಲ್ಲು ಕೊಡಲು ಇಳಿದು ಓಡಿದ ಕುಮಾರನ ಪಾದದ ಮೇಲೆ ಮೂಕಿ ಬಿತ್ತು. ಆಸ್ಪತ್ರೆಯಲ್ಲಿ ಅವನು ಹಲ್ಲು ಕಚ್ಚಿಕೊಂಡು, “ಕ್ಲಿಪ್ಪು ಆಕ್ದ್ಯಾ?” ಅಂತ ನಿನ್ನನ್ನು ಕೇಳಿದ. ನೀನು “ಇಲ್ಲ” ಅಂದು ನನ್ನ ಮುಖ ನೋಡಿದೆ. ನಾನೇ ಹೇಳಲಿ ಅಂತ ನೀನು ಕಾದೆ. ನಾನೇನು ಹೇಳಿದೆ? “ನನ್ ಮಗನ ಕಾಲು ಮುರಿಸಕ್ಕೇ ಬಂದ್ಯಲ್ಲೇ ಮಾರಿ” ಅಂದೆ. ಮನೆಗೆ ಬಂದು, ತಟ್ಟೆಯಲ್ಲಿದ್ದ ಕ್ಲಿಪ್ಪನ್ನು ಕುಂಕುಮದ ಸಮೇತ ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ಹಾಕಿ ಬಚ್ಚಿಟ್ಟೆ. ನಿನ್ನನ್ನು ಒಂದಷ್ಟು ದಿನ ತವರಿಗೆ ಕಳಿಸೋಣ ಎಂದು ನಿಮ್ಮ ಮಾವ ಅಂದಾಗಲೂ ಸುಮ್ಮನಿದ್ದೆ. ನೀನು ಬಟ್ಟೆ ಜೋಡಿಸುತ್ತಿದ್ದಾಗಲೂ ನಾನು ಬಾಯಿ ಬಿಡಬಹುದಿತ್ತು. ನಿನಗೆ ಹೆದರಿದೆನೋ, ಮಗನಿಗೆ ಹೆದರಿದೆನೋ, ಊರವರು ಆಡಿಕೊಳ್ಳುತ್ತಾರೆಂದು ಹೆದರಿದೆನೋ. ಹೆತ್ತವಳೇ ಮಗನ ಕಾಲಿಗೆ ಕುತ್ತು ತಂದಳು ಅನ್ನಿಸಿಕೊಳ್ಳುವುದಕ್ಕಿಂತ ಸೊಸೆ ತಂದಳು ಅನ್ನುವುದು ಸಲೀಸಾಗಿತ್ತು ಕಣವ್ವ.

ಈಗ ಮನೆಗೆ ಬಾ. ತಪ್ಪು ನನ್ನದು. ನಿನ್ನ ಕಾಲು ಹಿಡಿ ಅಂದರೂ ಹಿಡಿಯುತ್ತೇನೆ. ಒಂದೇ ಒಂದು ಮಾತು ನಡೆಸಿಕೊಡು: ಇದು ನಮ್ಮಿಬ್ಬರ ನಡುವೆಯೇ ಇರಲಿ. ಕುಮಾರನಿಗೆ ಗೊತ್ತಾದರೆ ನನ್ನ ಮುಖ ನೋಡುವುದಿಲ್ಲ. ಅವನ ಸಿಟ್ಟೂ ಇಳಿದಿದೆ, ನೀನು ಬಂದರೆ ಹಳೆಯದನ್ನು ಎತ್ತದಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ಹೆಂಗಸರು ಎಷ್ಟೋ ನುಂಗಿಕೊಂಡು ಬಾಳುತ್ತೇವೆ, ಇದೂ ಒಂದು ಅಂದುಕೋ.

ನಿಮ್ಮ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಹೇಳಲು ಮನಸ್ಸು ಬರದಿದ್ದರೆ ಬೇಡ. ನಿನ್ನ ಹಣೆಯ ಕುಂಕುಮ ಗಟ್ಟಿಯಾಗಿರಲಿ, ಆ ಕೆಮ್ಮು ಬೇಗ ಹೋಗಲಿ.

ನಿನ್ನ ಅತ್ತೆ,
ಮಾಯಮ್ಮ

ಮರೆತದ್ದು: ಕವರು ಅಂಟಿಸುವ ಮುಂಚೆ ಒಂದು ಸಲ ಓದಿದೆ. ಬಾ, ಆದರೆ ಬಾಯಿ ಮುಚ್ಚಿಕೊಂಡು ಬಾ ಅಂತ ಬರೆದಿದ್ದೇನಲ್ಲ, ಥೂ ನನ್ನ ಜನ್ಮಕ್ಕಿಷ್ಟು! ಕಾಗದ ಅಲ್ಲೇ ಇಟ್ಟು ಜಗಲಿಗೆ ಹೋದೆ. ಕುಮಾರ, ನಿಮ್ಮ ಮಾವ, ಕುಳ್ಳಯ್ಯ ಮೂವರೂ ಕೂತಿದ್ದರು. ಕುಳ್ಳಯ್ಯ ಎದ್ದು ಹೊರಟ, ಕೂರಪ್ಪ ನೀನೂ ಕೇಳು ಅಂದೆ. ಎಲ್ಲ ಹೇಳಿದೆ, ವಾಡೆಗೆ ಹಾಕಿದ್ದನ್ನೂ ಹೇಳಿದೆ. ಕುಮಾರ ಕೂಗಾಡಲಿಲ್ಲ. “ಅವ್ಳು ನಿನ್ ಮಕ ನೋಡುದ್ಲು ಕಣವ್ವ, ನಾನೂ ಕಂಡೆ. ಯಾಕೇಂತ ಕೇಳ್ನಿಲ್ಲ ನಾನು” ಅಂದ. ಕೋಲು ತೆಗೆದುಕೊಂಡು ಎದ್ದ. ಊದಿದ ಕಾಲಿಗೆ ಚಪ್ಪಲಿ ಹಿಡಿಸದೆ ಒಂದೇ ಕಾಲಿಗೆ ಮೆಟ್ಟಿಕೊಂಡು ನಿಮ್ಮೂರಿಗೆ ಬರಲು ನಾಗಮಂಗಲದ ಬಸ್ಸಿಗೆ ಹೋಗಿದ್ದಾನೆ. ಕಾಗದ ತಂದು ಕೊಡೋಣವೆಂದರೆ ನಿಲ್ಲಲಿಲ್ಲ, ಪೋಸ್ಟಿಗೆ ಹಾಕುತ್ತಿದ್ದೇನೆ. ಇದು ಸೇರುವ ಮುಂಚೆ ಅವನೇ ಬಂದಿರುತ್ತಾನೆ. ಬಾಗಿಲು ದಾಟುವಾಗ, “ಅವ್ಳ ಕರ್ಕಂಡು ಬಾರಪ್ಪ” ಅಂದೆ. “ಬರೋದು ಬುಡೋದು ಅವ್ಳಿಷ್ಟ. ಬರಕಿಲ್ಲ ಅಂದ್ರೆ ನಾನೂ ಅಲ್ಲೇ ಇದ್ಬುಡ್ತೀನಿ” ಅಂದ. ಆಗಲಿ ಕಣಪ್ಪ ಅಂದೆ. ಮನಸ್ಸಿನಿಂದಲೇ ಅಂದೆ, ಶ್ವೇತಾ.