ಏಳನೇ ತಟ್ಟೆ

ಶಾಲೆಯ ಪ್ರಯೋಗಾಲಯದಿಂದ
ಫೆಬ್ರವರಿ ೭, ಶನಿವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹಲ್ಲು ಕೀಳಿಸಿದ ಜಾಗ ಮಾಗಿತೇ? ಬಿಸಿ ಕುಡಿಯಬೇಡ ಎಂದರೆ ನೀನು ಕದ್ದು ಕುಡಿಯುತ್ತೀ ಎಂದು ಅಕ್ಕ ಫೋನಿನಲ್ಲಿ ಚಾಡಿ ಹೇಳಿದಳು. ಅಕ್ಕನ ಕೂಸಿಗೆ ತಲೆತುಂಬ ಕೂದಲಂತೆ, ಮೂಗು ಮಾತ್ರ ಭಾವನದಂತೆ. ಇರಲಿ ಬಿಡು, ಕೂದಲಾದರೂ ನಮ್ಮ ಕಡೆಯದು ಬಂತಲ್ಲ. ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಅಂದರೆ ಹೆಚ್ಚುಕಡಿಮೆ.

ಚಿಕ್ಕಮ್ಮ ನನ್ನ ಜೊತೆ ಮಾತು ಬಿಟ್ಟಳಂತೆ ಎಂದು ನೀನು ಅಕ್ಕನ ಮನೆಯಿಂದ ಫೋನಿನಲ್ಲಿ ಕೇಳಿದಾಗ ನಾನು ಹಾರಿಕೆಯ ಉತ್ತರ ಕೊಟ್ಟೆ. ಕೂಸು ಅಳುತ್ತಿತ್ತು, ನಿನ್ನ ಒಂದು ಕಿವಿ ಅಲ್ಲೇ ಇತ್ತು. ಒಂದು ಕಿವಿಗೆ ಹೇಳಿ ಮುಗಿಸುವ ಸಂಗತಿಯಲ್ಲ ಇದು. ಅದಕ್ಕೇ ಕಾಗದ.

ಈ ವರ್ಷದಿಂದ ದೊಡ್ಡ ತರಗತಿಗಳ ಮಕ್ಕಳಿಗೆ ಜೀವವಿಜ್ಞಾನದಲ್ಲಿ ಮೂರು ಐಚ್ಛಿಕ ವಿಷಯಗಳು ಶುರುವಾದವು. ಮನುಷ್ಯನ ದೇಹ ಒಂದು, ಗಿಡಮರ ಒಂದು, ಸೂಕ್ಷ್ಮಜೀವಿಗಳು ಒಂದು. ಮೂರನೆಯದು ನನ್ನದು. ಎರಡು ವರ್ಷ ಹೆಡ್‌ಮಾಸ್ಟರ ಕೋಣೆಗೆ ಅಲೆದಲೆದು ಪಡೆದದ್ದು. "ಕಣ್ಣಿಗೇ ಕಾಣದ್ದನ್ನ ಆರಿಸ್ಕೊಳ್ಳೋರು ಯಾರಮ್ಮಾ?" ಎಂದಿದ್ದರು ಅವರು. ಹದಿನಾಲ್ಕು ಮಕ್ಕಳು ಆರಿಸಿಕೊಂಡರು. "ಸರಿ, ಒಂದು ವರ್ಷ ನೋಡೋಣ" ಎಂದರು. ಆ ಒಂದು ವರ್ಷವೇ ನನಗೆ ಸಿಕ್ಕಿದ್ದು.

ಜನವರಿಯಲ್ಲಿ ಮಕ್ಕಳು ಶಾಲೆಯ ಹತ್ತು ಜಾಗಗಳನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ ತಂದರು. ಅದನ್ನು ಅಗರ್ ಹಾಕಿದ ಹತ್ತು ಗಾಜಿನ ತಟ್ಟೆಗಳಿಗೆ ಸವರಿ, ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ದಿನ ಬೆಚ್ಚಗಿಟ್ಟೆವು. ಅಗರ್ ಎಂದರೆ ಜೆಲ್ಲಿಯಂಥದ್ದು. ಅದರಲ್ಲಿ ಬೆರೆಸಿದ ಆಹಾರ ತಿಂದು ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣುವ ಚುಕ್ಕೆಗಳಾಗಿ ಬೆಳೆಯುತ್ತವೆ. ಯಾರೂ ಮೊದಲೇ ತೀರ್ಪು ಕೊಡಬಾರದೆಂದು ತಟ್ಟೆಗಳ ಮೇಲೆ ಬರೀ ಸಂಖ್ಯೆ. ಯಾವ ಸಂಖ್ಯೆ ಯಾವ ಜಾಗದ್ದು ಎಂಬ ಚೀಟಿ ನಮ್ಮ ದಪ್ಪಕನ್ನಡಕದ ಹುಡುಗಿಯ ಹತ್ತಿರ ಲಕೋಟೆಯೊಳಗಿತ್ತು. ಶೌಚಾಲಯದ ನಲ್ಲಿಯೇ ಗೆಲ್ಲುತ್ತದೆಂದು ಎಲ್ಲರೂ ಪಣ ಕಟ್ಟಿದ್ದರು. ನೋಡಿದರೆ ಏಳನೇ ತಟ್ಟೆಯಲ್ಲಿ ಚುಕ್ಕೆಗಳನ್ನು ಎಣಿಸಲಿಕ್ಕೇ ಆಗದಂತೆ ಹಳದಿಯಾಗಿ ಕೆನೆಗಟ್ಟಿತ್ತು. "ಇದು ಎಲ್ಲಿಯದೋ ಏನೋ, ಅಲ್ಲಿ ನಾನಂತೂ ಕೈಯಿಡಲ್ಲಪ್ಪ" ಎಂದು ನಗಿಸಿದವಳು ನಾನೇ. ಹುಡುಗಿ ಚೀಟಿ ಬಿಡಿಸಿದಳು, ನನ್ನ ಮುಖ ನೋಡಿದಳು, ಮೆಲ್ಲಗೆ ಓದಿದಳು: "ಏಳು, ಕ್ಯಾಂಟೀನಿನ ಮೇಜು ಒರೆಸೋ ಬಟ್ಟೆ."

ಹನ್ನೊಂದು ವರ್ಷದಿಂದ ಆ ಕ್ಯಾಂಟೀನು ನಡೆಸುತ್ತಿರುವವಳು ನಿನ್ನ ತಂಗಿ. ನಾನು ತಕ್ಷಣ ಹೋಗಿ ಹೇಳಬೇಕಿತ್ತು. ಹೇಗೆ ಹೇಳಲಿ ಎಂದು ಹತ್ತು ನಿಮಿಷ ಕೂತೆ, ಅಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಹೋಗಿತ್ತು. ಅದು ನನ್ನದೇ ತಪ್ಪು. ನಾನು ಹೋದಾಗ ತಿಂಡಿಗೆ ಸಾಲಾಗಿ ನಿಂತ ಮಕ್ಕಳೆದುರಿಗೇ ಚಿಕ್ಕಮ್ಮ "ನಿನ್ನನ್ನ ಎತ್ತಿ ಆಡಿಸಿದ ಕೈ ಕಣೇ ಇದು. ಈಗ ಕೊಳಕಾಯ್ತಾ?" ಎಂದಳು. ಕೈಯಲ್ಲ ಚಿಕ್ಕಮ್ಮ, ಬಟ್ಟೆ ಎಂದೆ. "ಬಟ್ಟೆ ಹಿಡಿಯೋದು ಕಾಲಲ್ಲಾ?" ಅವತ್ತಿನಿಂದ ಮಾತಿಲ್ಲ.

ಸಂಜೆ ಹೆಡ್‌ಮಾಸ್ಟರು ಕರೆಸಿದರು. ತಿಂಗಳ ಕೊನೆಯಲ್ಲಿ ಪೋಷಕರಿಗಾಗಿ ಪ್ರದರ್ಶನವಿತ್ತಲ್ಲ, ಏಳನೇ ತಟ್ಟೆ ಎತ್ತಿಡಿ, ಒಂಬತ್ತು ಸಾಕು ಎಂದರು. ಪೋಷಕರು ಗಲಾಟೆ ಎಬ್ಬಿಸಿದರೆ ಮುಂದಿನ ವರ್ಷ ನಿಮ್ಮ ವಿಷಯವೇ ಇರುವುದಿಲ್ಲ ಎಂದೂ ಸೇರಿಸಿದರು. ಅವರು ಕೆಟ್ಟವರಲ್ಲ, ಹೆದರಿದ್ದರು. ನಾನೂ ಹೆದರಿದೆ. ನಿನ್ನ ಹತ್ತಿರ ಏನು ಮುಚ್ಚುಮರೆ, ಆಗಲಿ ಎಂದು ಒಪ್ಪಿಕೊಂಡು ಬಂದುಬಿಟ್ಟೆ.

ಮರುದಿನ ಮಕ್ಕಳಿಗೆ ಹೇಳಿದೆ. ದಪ್ಪಕನ್ನಡಕದವಳು ಎದ್ದು "ಮಿಸ್, ಹಾಗಾದ್ರೆ ಎಂಟನೇದನ್ನ ಏಳು ಅಂತ ಕರೀಬೇಕಾ?" ಎಂದಳು. ಕೊಂಕಿಲ್ಲ, ಪಾಪ. ಬರೆದುಕೊಳ್ಳಲು ಪೆನ್ನು ಹಿಡಿದೇ ಕೇಳಿದ್ದಳು. ಹೌದು ಎಂದಿದ್ದರೆ ಹಾಗೇ ಬರೆದುಕೊಳ್ಳುತ್ತಿದ್ದಳು, ಅಮ್ಮಾ. ನನಗೆ ಮುಖ ಎತ್ತಲಾಗಲಿಲ್ಲ. "ಇಲ್ಲ, ಏಳು ಅಂದ್ರೆ ಏಳೇ" ಎಂದೆ. ನೇರವಾಗಿ ಹೆಡ್‌ಮಾಸ್ಟರ ಕೋಣೆಗೆ ಹೋಗಿ, ತಟ್ಟೆ ತೆಗೆಯುವುದಿಲ್ಲ ಸಾರ್, ಬೇಕಿದ್ದರೆ ನನ್ನ ವಿಷಯ ತೆಗೆಯಿರಿ ಎಂದೆ. ಗಲಾಟೆಯಾದರೆ ಹೊಣೆ ನಿಮ್ಮದೇ ಎಂದರು, ತಟ್ಟೆ ಉಳಿಯಿತು.

ಇನ್ನು ಚಿಕ್ಕಮ್ಮ. ಅವಳೊಬ್ಬಳನ್ನೇ ತಪ್ಪಿತಸ್ಥೆಯಾಗಿ ನಿಲ್ಲಿಸಲು ನನಗೆ ಮನಸ್ಸಿರಲಿಲ್ಲ. ನಮ್ಮ ಮನೆಯ, ಅಂದರೆ ನಿನ್ನ ಅಡುಗೆಮನೆಯ ಬಟ್ಟೆಯನ್ನೂ ಒಂದು ತಟ್ಟೆಗೆ ಸವರಿ ಎರಡು ದಿನ ಕಾದೆ. (ಬೈಯಬೇಡ.) ಮೂರನೇ ದಿನ ಬೆಳಿಗ್ಗೆ, ಅವಳು ಒಲೆ ಹಚ್ಚುವ ಮೊದಲು, ಹದಿನಾಲ್ಕು ಮಕ್ಕಳನ್ನೂ ಕರೆದುಕೊಂಡು ಹೋಗಿ ಆ ತಟ್ಟೆಯನ್ನು ಅವಳ ಮುಂದಿಟ್ಟೆ. ಇವೆಲ್ಲ ರೋಗ ತರುವ ಜೀವಿಗಳೆಂದು ತಟ್ಟೆ ಹೇಳುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಜೀವಿಗಳು ಸೊಂಪಾಗಿ ಬೆಳೆಯುತ್ತವೆ ಎಂದಷ್ಟೇ ಹೇಳುತ್ತದೆ, ಯಾರ ಮನೆಯದಾದರೂ ಇಷ್ಟೇ ಎಂದೆ. ಅವಳು ತಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಅಕ್ಕನ ಅಡುಗೆಮನೇದೂ ಹೀಗೇನಾ?" ಎಂದಳು, ಸ್ವಲ್ಪ ಸಂತೋಷದಿಂದಲೇ. ಆಮೇಲೆ ನನ್ನನ್ನು ಬಿಟ್ಟು ಹುಡುಗಿಯ ಕಡೆ ತಿರುಗಿ ಕೇಳಿದಳು, "ಬರೀ ಕುದಿಸಿದ್ರೆ ಏನಾಗುತ್ತೆ? ಬರೀ ಒಣಗಿಸಿದ್ರೆ? ಎರಡೂ ಮಾಡಿದ್ರೆ?" ಒಂದು ತಿಂಗಳಿಂದ ನಾನು ಮಕ್ಕಳಿಂದ ಹೊರಡಿಸಲು ಒದ್ದಾಡುತ್ತಿದ್ದ ಪ್ರಶ್ನೆ ಅದು! ಮೂರು ಬಟ್ಟೆ, ಮೂರು ತಟ್ಟೆ. ಕುದಿಸಿ ಬಕೆಟ್ಟಿನಲ್ಲೇ ಒದ್ದೆ ಬಿಟ್ಟದ್ದರಲ್ಲಿ ಮತ್ತೆ ತುಂಬ ಬೆಳೆದಿತ್ತು. ಬರೀ ಬಿಸಿಲಿಗೆ ಹಾಕಿದ್ದರಲ್ಲಿ ಅರ್ಧದಷ್ಟು. ಎರಡೂ ಮಾಡಿದ್ದರಲ್ಲಿ ಮೂರೇ ಮೂರು ಚುಕ್ಕೆ.

ಪ್ರದರ್ಶನದ ದಿನ ಅವಳು ಕ್ಯಾಂಟೀನಿಗೆ ಬೀಗ ಹಾಕಿ ನಮ್ಮ ಮೇಜಿನ ಪಕ್ಕ ಬಂದು ನಿಂತಳು. ನಾನು ಕರೆದಿರಲಿಲ್ಲ. ಒಬ್ಬ ತಂದೆ ಏಳನೇ ತಟ್ಟೆ ನೋಡಿ "ನಮ್ಮ ಮಕ್ಕಳು ತಿನ್ನೋ ಜಾಗಾನಾ ಇದು?" ಎಂದು ದನಿಯೇರಿಸಿದ. ಚಿಕ್ಕಮ್ಮ ಒಂದು ಹೆಜ್ಜೆ ಮುಂದೆ ಬಂದು "ಹೌದು, ನನ್ನದೇ ಬಟ್ಟೆ. ಇದು ಆಗಿಂದು, ಇದು ಈಗಿಂದು. ಈಗ ದಿನಾ ಕುದಿಸಿ ಒಣಗಿಸ್ತೀನಿ. ನಿಮ್ಮನೇದು ಯಾವತ್ತಾದ್ರೂ ನೋಡಿದ್ದೀರಾ?" ಎಂದಳು. ಅವನ ಹೆಂಡತಿಯೇ ಮೊದಲು ನಕ್ಕಳು. ದೂರದಲ್ಲಿ ಹೆಡ್‌ಮಾಸ್ಟರು ಕರವಸ್ತ್ರದಿಂದ ಬೆವರು ಒರೆಸಿಕೊಂಡರು. ನಮ್ಮ ಹುಡುಗಿ ಆ ಕರವಸ್ತ್ರವನ್ನೇ ಆಸೆಯಿಂದ ನೋಡುತ್ತಿದ್ದಳು.

ಮುಂದಿನ ವರ್ಷಕ್ಕೆ ನನ್ನ ವಿಷಯಕ್ಕೆ ಮೂವತ್ತೊಂದು ಹೆಸರು ಬಂದಿವೆ. ವಿಷಯ ಉಳಿಯಿತು. ಚಿಕ್ಕಮ್ಮನೂ ಮಾತಾಡುತ್ತಾಳೆ, ಮೊದಲಿನಷ್ಟೇ ಜೋರಾಗಿ. ಅಕ್ಕನಿಗೆ ಒಂದು ಗುದ್ದು, ಕೂಸಿಗೆ ಮುತ್ತು, ಭಾವನಿಗೆ ನಮಸ್ಕಾರ. ನಿನಗೆ ಏನೆಂದು ಬರೆಯಲಿ, ನೀನು ಬೇಗ ಬಾ.

ನಿನ್ನ ಕಿರಿಮಗಳು

ತಾ.ಕ.: ಅಂಚೆಗೆ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಚಿಕ್ಕಮ್ಮ ಪ್ರಯೋಗಾಲಯದ ಬಾಗಿಲಲ್ಲಿ ನಿಂತು "ಹಿಂದಿನ ಬೆಂಚಲ್ಲಿ ಒಂದು ಜಾಗ ಇರುತ್ತಾ?" ಎಂದಳು. ಯಾರಿಗೆ ಎಂದೆ. "ಯಾರಿಗೆ ಅಂತ ಕೇಳ್ಬೇಡ, ಇರುತ್ತಾ ಹೇಳು." ಹೆಡ್‌ಮಾಸ್ಟರು, ಹಾಜರಿಯಲ್ಲಿ ಹೆಸರಿರುವುದಿಲ್ಲ, ಕೂರಲು ಅಡ್ಡಿಯಿಲ್ಲ ಎಂದಿದ್ದಾರೆ. ಮುಂದಿನ ವರ್ಷ ತರಗತಿ ಮಂಗಳವಾರ, ಗುರುವಾರ, ಹನ್ನೊಂದರಿಂದ ಹನ್ನೆರಡು. ಆ ಹೊತ್ತಿಗೆ ಕ್ಯಾಂಟೀನಿನಲ್ಲಿ ಯಾರಾದರೂ ನಿಲ್ಲಬೇಕು. ಅವಳಾಗಿ ನಿನ್ನನ್ನು ಕೇಳುವುದಿಲ್ಲ. ಎಂಟನೇ ತರಗತಿಗೆ ಅವಳು ಶಾಲೆ ಬಿಟ್ಟು ಅಜ್ಜಿಯ ಆರೈಕೆಗೆ ಕೂತದ್ದರಿಂದಲೇ ನೀನು ಓದು ಮುಗಿಸಿದೆ ಎಂದು ನೀನೇ ಒಮ್ಮೆ ಹೇಳಿದ್ದೆ. ಅದನ್ನು ಅವಳು ಇವತ್ತಿನವರೆಗೂ ಬಾಯಿಬಿಟ್ಟು ಹೇಳಿಲ್ಲ. ತರಗತಿ ಶುರುವಾಗುವಷ್ಟರಲ್ಲಿ ನೀನು ಬಂದಿರುತ್ತೀ. ವಾರಕ್ಕೆ ಎರಡು ಗಂಟೆ, ಅಮ್ಮಾ. ನಿಲ್ಲುತ್ತೀಯಾದರೆ ನನಗೆ ಬರೆಯಬೇಡ, ಅವಳಿಗೇ ಬರೆ.