ಯಾವ ಅಂಗಿಯ ಗುಂಡಿ?

ಭಾನುವಾರ

ಪ್ರೀತಿಯ ಅಕ್ಕನಿಗೆ,

ನೀನು, ಮಕ್ಕಳು ಚೆನ್ನಾಗಿದ್ದೀರೆಂದುಕೊಂಡಿದ್ದೇನೆ. ನಿನ್ನ ಫೋನು ಎತ್ತದೇ ಇದ್ದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಮಾತಾಡಲು ಈಗ ಧೈರ್ಯವಾಗುವುದಿಲ್ಲ. ಅದಕ್ಕೇ ಈ ಕಾಗದ. ಭಾವನ ಲಾರಿಗಳಿಗೆ ನಮ್ಮ ಕಾರ್ಖಾನೆಯ ಸಾಗಣೆ ಕೆಲಸ ಸಿಕ್ಕಿತೆಂದು ಗೇಟಿನ ಕಾವಲುಗಾರ ಹೇಳಿದ. ಸಂತೋಷ. ನೀನೇ ಹೇಳುತ್ತೀಯೆಂದುಕೊಂಡಿದ್ದೆ.

ನಮ್ಮಲ್ಲಿಯ ತಗಡು ಒತ್ತುವ ಯಂತ್ರದ ಸಂಗತಿ ನಿನಗೆ ಗೊತ್ತೇ ಇದೆ. ಎರಡೂ ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಅದು ಕೆಳಗಿಳಿಯಬೇಕು. ಆಗ ಕೈ ಒಳಗೆ ಸಿಕ್ಕುವ ಭಯವಿಲ್ಲ. ಕೆಲಸ ಬೇಗ ಸಾಗಲೆಂದು ಒಂದು ಗುಂಡಿಗೆ ಟೇಪು ಸುತ್ತಿ ಒತ್ತಿಟ್ಟುಬಿಟ್ಟಿದ್ದರು. ಯಂತ್ರ ನಡೆಸುವ ಹೆಂಗಸಿನ ಉಗುರು ಕಿತ್ತುಹೋದ ದಿನ ಮ್ಯಾನೇಜರಿಗೆ ಹೇಳಿದೆ. "ಲೆಕ್ಕ ಬರೆಯೋರು ಲೆಕ್ಕ ಬರೀರಿ ಮೇಡಂ" ಅಂದರು. ಸುರಕ್ಷತಾ ಇಲಾಖೆಗೆ ಫೋನು ಮಾಡಿದೆ. ಗಾಬರಿಗೆ ನನ್ನ ಬಾಯಲ್ಲಿ ಬರೀ ಇಂಗ್ಲಿಷೇ ಬಂತು, ಗುಂಡಿಗೂ "ಬಟನ್" ಎಂದೆ. ಅಲ್ಲಿನ ಅಧಿಕಾರಿ, "ನಿಮ್ಮ ಹೆಸರು ಹೊರಗೆ ಹೋಗಲ್ಲ. ದೂರು ಕೊಟ್ರು ಅಂತ ಕೆಲಸದಿಂದ ತೆಗೆಯೋ ಹಾಗೂ ಇಲ್ಲ, ಕಾನೂನಿದೆ" ಅಂದರು.

ತನಿಖೆಯಾಯಿತು, ಟೇಪು ಹೋಯಿತು. ನನ್ನನ್ನು ಯಾರೂ ತೆಗೆಯಲಿಲ್ಲ. ನನ್ನ ಮೇಜನ್ನು ಮಾತ್ರ ಉಗ್ರಾಣಕ್ಕೆ ಹಾಕಿದರು, "ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಎಂದು. ಅಲ್ಲಿ ಕಿಟಕಿಯೇ ಇಲ್ಲ. ಈಗ ನನ್ನ ಸಣ್ಣಪುಟ್ಟ ತಪ್ಪುಗಳನ್ನೆಲ್ಲ ಹೆಕ್ಕುತ್ತಿದ್ದಾರೆ. ನಾಳೆ ಕೆಲಸ ಹೋದರೆ, ಹೋದದ್ದು ತಪ್ಪಿಗಲ್ಲ, ದೂರಿಗೆ ಎಂದು ತೋರಿಸುವುದು ಹೇಗೆ?

ಮ್ಯಾನೇಜರ್ ಬರೀ ಊಹಿಸಿದಂತಿರಲಿಲ್ಲ, ಖಚಿತವಾಗಿಯೇ ಗೊತ್ತಿದ್ದಂತಿತ್ತು. ಬಾಯಿಬಿಟ್ಟವರು ಯಾರು? ಅಧಿಕಾರಿಯೇ ಇರಬಹುದೆಂದುಕೊಂಡೆ. ಆಮೇಲೆ, ದೂರು ನನ್ನದೇ ಎಂದು ಊಹಿಸಿರಬಹುದಾದ ಆ ಉಗುರು ಕಿತ್ತ ಹೆಂಗಸಿನ ಮೇಲೆ ಅನುಮಾನ ಬಂತು. ಅವಳ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟೆ. "ಮುಖ ಯಾಕಕ್ಕಾ ಗಂಟು ಹಾಕ್ಕೊಂಡಿದೀರ? ನಾನೇನು ನಿಮ್ಮ ಅನ್ನಕ್ಕೆ ಮಣ್ಣು ಹಾಕಿದ್ನಾ?" ಎಂದು ಕೇಳಿದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಕಂಡಿತು ನನಗೆ. ಅವಳ ಕೈಗಾಗಿಯೇ ದೂರು ಕೊಟ್ಟವಳು ನಾನು, ಅವಳ ಮುಖದಲ್ಲೇ ಕಳ್ಳತನ ಹುಡುಕಿದೆ. ನಾನು ಎಂಥವಳಾಗುತ್ತಿದ್ದೇನೆ?

ಇರಲಿ. ಮಕ್ಕಳು ಚೆನ್ನಾಗಿ ಓದಲಿ, ಆರೋಗ್ಯವಾಗಿರಲಿ. ಅವರಿಗೆ ನನ್ನ ಆಶೀರ್ವಾದ.

ನಿನ್ನ ತಂಗಿ

ಮರೆತಿದ್ದೆ: ಪಕ್ಕದ ಮನೆಯವರು ಗುಂಡಿಗೆ ಬಿದ್ದರೆಂದಾಗ, ಚಿಕ್ಕವಳಾಗಿದ್ದ ನಾನು "ಯಾವ ಅಂಗಿಯ ಗುಂಡಿಗೆ?" ಎಂದು ಕೇಳಿದ್ದು, ನೀವೆಲ್ಲ ಹೊಟ್ಟೆ ಹಿಡಿದು ನಕ್ಕದ್ದು ನೆನಪಿದೆಯಲ್ಲ? ದೂರಿನ ವಿಷಯ ನಿನಗೊಬ್ಬಳಿಗೇ ಹೇಳಿದಾಗಲೂ ನೀನು ಅದನ್ನೇ ಕೇಳಿ ನಗಿಸಿದ್ದೆ. ಶುಕ್ರವಾರ ಮ್ಯಾನೇಜರ್ ನನ್ನ ಮೇಜಿನ ಬಳಿ ನಿಂತು, "ನಿಮ್ಮ ಆ ಗುಂಡಿ ಯಾವ ಅಂಗೀದು ಮೇಡಂ?" ಎಂದು ನಕ್ಕರು. ಭಾವನಿಗೆ ಆ ಕೆಲಸ ಸಿಕ್ಕಿದ್ದು ನಾನು ನಿನಗೆ ಹೇಳುವ ಮೊದಲೋ, ಆಮೇಲೋ? ಮೊದಲೇ ಎಂದು ಬರೆ ಅಕ್ಕ. ನಂಬುತ್ತೇನೆ.