ಒಡಪಿಗೆ ಹತ್ತು ಅಂಕ

ಭಾಗ್ಯನಗರ, ಕೊಪ್ಪಳ
೧೭ ನವೆಂಬರ್ ೨೦೨೪, ರವಿವಾರ

ಪ್ರೀತಿಯ ಅವ್ವಗ, ನಿನ್ನ ವಿರುಪಣ್ಣ ಮಾಡುವ ಶರಣು.

ಮೊಣಕಾಲ ನೋವು ಹ್ಯಾಂಗೈತಿ? ರೂಪಾನ ಬಾಣಂತನ ಮಾಡಾಕ ಗಂಗಾವತಿಗೆ ಹೋದಾಕಿ, ನೀನೂ ಒಂದೀಟು ಕುಂದ್ರು. ತಂಗಿ, ಕೂಸು ಇಬ್ರೂ ಛಲೋ ಅದಾರಂತ ಕೇಳಿ ಸಮಾಧಾನ ಆತು. ಫೋನ್ ಇರಬೇಕಾದ್ರ ಪತ್ರ ಯಾಕ ಅಂತಿ. ರೂಪಾ ಫೋನ್ ಸ್ಪೀಕರಿಗೆ ಹಾಕ್ತಾಳ, ಬೀಗರೆಲ್ಲ ಸುತ್ತ ಇರ್ತಾರ. ಇದು ನಿನಗಷ್ಟ. ಸಾಕ್ಷರತಾ ಕ್ಲಾಸಿನ್ಯಾಗ ನೀನು ಕಲ್ತ ಅಕ್ಷರಕ್ಕ ಸಿಗಲಿ ಅಂತ ದೊಡ್ಡದಾಗಿ ಬರದೀನಿ, ಸಾವಕಾಶ ಓದು.

ನನಗ ಸಾಕಾಗೇತವ್ವ. ವಿಶ್ವವಿದ್ಯಾಲಯಕ್ಕ ಕನ್ನಡ ಪುಸ್ತಕ ಮಾಡೋ ಸಮಿತಿಯೊಳಗ ವರ್ಷದಿಂದ ದುಡದೀನಿ. ಅತಿಥಿ ಉಪನ್ಯಾಸಕ ಅಂದ್ರ ಎಲ್ಲಾರ ಕೆಲಸಾನೂ ಅವನ ತಲಿ ಮ್ಯಾಲ. ನಮ್ಮ ಹುಡುಗರ ಮನಿ ಮಾತು ಪುಸ್ತಕದಾಗ ಬರಬೇಕು ಅಂತ ಜಗಳಾಡಿ ಒಡಪಿನ ಪಾಠ ಹಾಕಿಸಿದೆ. ಮದುವಿ ಮನಿ ಬಾಗಿಲಿಗೆ ಅಡ್ಡ ನಿಂತು ಹೆಂಗಸರಿಂದ ಗಂಡನ ಹೆಸರ ಹೇಳಿಸ್ತಾರಲ್ಲ, ಅದು. ಅಭ್ಯಾಸಾನೂ ನಾನ ಬರದೆ: ತಾಯಿ ಕಡೆಯಿಂದ ಒಂದು ಒಡಪು ಹೇಳಿಸಿ, ಫೋನಿನ್ಯಾಗ ರೆಕಾರ್ಡ್ ಮಾಡಿ ತರ್ರಿ, ಹತ್ತು ಅಂಕ. ಅಧ್ಯಕ್ಷರು ಭೇಷ್ ಅಂದ್ರು, ನಾನೂ ಉಬ್ಬಿದೆ.

ಹೋದ ತಿಂಗಳು ಶಿವಲೀಲಾ ಅಂತ ಕುಷ್ಟಗಿ ಕಡೆ ಹುಡುಗಿ ಫೋನ್ ತಂದು ಮೇಜಿನ ಮ್ಯಾಲ ಇಟ್ಲು. ಅದರಾಗ ‘ಹೇಳವಾ’ ಅಂತ ಆಕಿ ದನಿ, ಆಮ್ಯಾಲ ಬರೇ ಭಾಂಡಿ ತಿಕ್ಕೋ ಸಪ್ಪಳ. ‘ಅಪ್ಪ ತೀರಿ ಆರು ತಿಂಗಳಾತ್ರಿ ಸರ. ಕೇಳಿದ್ದಕ್ಕ ಅವ್ವ ಎರಡು ದಿನ ಉಂಡಿಲ್ರಿ’ ಅಂದ್ಲು. ಆಕಿ ಮುಂದ ಕೈ ಮುಗಿಬೇಕನಿಸ್ತು, ಮಾಸ್ತರಗಿರಿ ಬಿಡಲಿಲ್ಲ. ಸಮಿತಿಯೊಳಗ ಹೇಳಿದ್ರ, ‘ಒಬ್ಬಾಕಿ ಸಲುವಾಗಿ ಪುಸ್ತಕ ಬದಲ ಮಾಡಾಕಾಕ್ಕೇತೇನ್ರಿ’ ಅಂದ್ರು. ಮೂರು ಸಭೆ ಆದ ಮ್ಯಾಲ, ಮನಿಯವರ ಮನಸಿದ್ರ ಅಷ್ಟ ಕೇಳೂದು, ಇಲ್ಲಂದ್ರ ಬ್ಯಾರೆ ಅಭ್ಯಾಸಕ್ಕ ಅಷ್ಟ ಅಂಕ ಅಂತ ಒಪ್ಪಿದ್ರು.

ನನಗ ಮೊದಲ ತಿಳೀಬೇಕಾಗಿತ್ತು. ಮಂದಿ ಮದುವಿಯೊಳಗ ಹೆಸರ ಹೇಳೋ ಹೊತ್ತಿಗೆ ನೀನು ಒಲಿ ನೋಡ್ತೀನಂತ ಹಿತ್ತಲಿಗೆ ಹೋಗ್ತಿದ್ದಿ, ನಾನು ಸೆರಗು ಹಿಡಕೊಂಡು ಹಿಂದ ಬರ್ತಿದ್ದೆ. ಅಪ್ಪ ನಮ್ಮನ್ನ ಬಿಟ್ಟು ಹೋಗಿ ಮೂವತ್ತು ವರ್ಷ, ಆ ಹೆಸರು ನಿನ್ನ ಬಾಯಾಗ ಬಂದಿಲ್ಲ. ಅಂಥಾ ಮನಿಯಾಗ ಬೆಳದಾವ ಆ ಅಭ್ಯಾಸ ಬರದೆ. ದೀಪದ ಬುಡಕ ಕತ್ತಲ ಅಂತಾರಲ್ಲ, ಹಂಗ ಆತು.

ನಾನು ಹೊತ್ತಿಗೆ ಉಣ್ತೀನಿ, ಚಿಂತಿ ಬ್ಯಾಡ. ಕೂಸಿಗೆ ಮುದ್ದು, ರೂಪಾಗ ಆಶೀರ್ವಾದ, ಬೀಗರಿಗೆ ಶರಣು ಹೇಳು.

ನಿನ್ನ ಮಗ,
ವಿರುಪಣ್ಣ

ತಾ.ಕ.: ಮುಖ್ಯದ್ದು ಬರಿಯಾಕ ಕೈ ಏಳವಲ್ದಾಗಿತ್ತು. ಆ ಪಾಠದಾಗ ಮಾದರಿಗೆ ಒಂದು ಒಡಪು ಐತಿ: ‘ಗಂಗಾಳದಾಗ ಅನ್ನ, ಅನ್ನದ ಮ್ಯಾಲ ತುಪ್ಪ, ನಮ್ಮ ಮನಿಯವರ ಹೆಸರು ಶರಣಬಸಪ್ಪ.’ ಕೆಳಗ ‘ಹೇಳಿದವರು: ಉಡಚಮ್ಮ, ಹನುಮಸಾಗರ’ ಅಂತ ನಿನ್ನ ಹೆಸರು. ನೀನು ಹೇಳಿದ್ದಲ್ಲ, ನಾನ ಕಟ್ಟಿದ್ದು. ಮುಂದಿನ ಮುದ್ರಣದಾಗ ತಗಸ್ತೀನಿ, ಆದ್ರ ನಾನೂರು ಪ್ರತಿ ಆಗಲೇ ಹುಡುಗರ ಕೈಯಾಗ ಅದಾವ. ರೂಪಾನ ನಾದಿನಿ ಮಹೇಶ್ವರಿ ಓದೋದೂ ಅದ ಪುಸ್ತಕ. ಆಕಿ ನಿನಗ ಓದಿ ತೋರಸೂ ಮೊದಲ ನಾನ ಹೇಳಬೇಕಂತ ಬರದೆ. ನಿನ್ನ ಬಾಯಿಂದ ಆ ಹೆಸರು ಒಮ್ಮಿ ಕೇಳಬೇಕನಿಸಿತ್ತವ್ವ. ನಿನ್ನ ಕೇಳಾಕ ಧೈರ್ಯ ಬರಲಿಲ್ಲ, ಅಚ್ಚು ಹಾಕಿಸಿಬಿಟ್ಟೆ.